ಹಸಿವನ್ನು ಬಲ್ಲ ಮೈ

ದಾನಮ್ಮನ ಆರೋಗ್ಯ ಕಾರ್ಡಿನ ಮೇಲಿದ್ದ ಅಂಕ ತೊಂಬತ್ತೇಳು. ಅವಳ ಊರು ನೂಲಗುಡ್ಡದಲ್ಲಿ ಅದು ಯಾರ ಹುಬ್ಬನ್ನೂ ಏರಿಸುತ್ತಿರಲಿಲ್ಲ. ಮಲಪ್ರಭೆಯ ಆಚೆ, ಕೆಂಪು ಗುಡ್ಡಗಳ ಬುಡದಲ್ಲಿ ಮಗ್ಗವನ್ನೇ ನಂಬಿ ಬದುಕಿದ ಆ ಊರಿನ ಅರ್ಧಕ್ಕರ್ಧ ಮಂದಿಯ ಕಾರ್ಡಿನ ಮೇಲೆ ತೊಂಬತ್ತರ ಮೇಲಿನ ಅಂಕವೇ ಇತ್ತು. ಆದರೆ ಇಳಕಲ್ಲಿನಿಂದ ಹೆಣ್ಣು ನೋಡಲು ಬಂದವರು ಆ ಕಾರ್ಡನ್ನು ಕೈಯಿಂದ ಕೈಗೆ ದಾಟಿಸಿ ಮತ್ತೆ ಮತ್ತೆ ನೋಡಿದರು.

ಆ ಕಾಲಕ್ಕೆ ಕೂಸು ಹುಟ್ಟಿದ ಮೂರನೆಯ ದಿನವೇ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಅದರ ವಂಶವಾಹಿಗಳನ್ನು ಪೂರ್ತಿ ಓದಿಬಿಡುತ್ತಿದ್ದರು. ಸಕ್ಕರೆ ಕಾಯಿಲೆಗಾಗಲಿ ಬೊಜ್ಜಿಗಾಗಲಿ ಸಾಮಾನ್ಯವಾಗಿ ಯಾವುದೋ ಒಂದು ವಂಶವಾಹಿ ಕಾರಣವಲ್ಲ. ನೂರಾರು ಕಡೆ ಒಂದೊಂದು ಅಕ್ಷರ ಆಚೀಚೆಯಾಗಿರುತ್ತದೆ, ಒಂದೊಂದೂ ಕೂದಲೆಳೆಯಷ್ಟು ಅಪಾಯವನ್ನು ಕೂಡಿಸುತ್ತದೆ. ಆ ಎಳೆಗಳನ್ನೆಲ್ಲ ಸೇರಿಸಿ ನೂರರೊಳಗೆ ಒಂದು ಅಂಕ ಕೊಡುತ್ತಿದ್ದರು; ಅಂಕ ಏರಿದಷ್ಟೂ ಅಪಾಯ ಹೆಚ್ಚು. ವೈದ್ಯರ ಅನುಕೂಲಕ್ಕೆಂದು ಹುಟ್ಟಿದ ಅಂಕ ಹತ್ತೇ ವರ್ಷಗಳಲ್ಲಿ ಜಾತಕದ ಪಕ್ಕಕ್ಕೆ ಬಂದು ಕೂತಿತು.

"ಹುಡುಗಿ ಚಲೋ ಅದಾಳವ್ವ. ಕೆಲಸದಾಗೂ ಕೈ ಐತಿ," ಎಂದಳು ವರನ ತಾಯಿ ನೀಲವ್ವ, ಕಾರ್ಡನ್ನು ಚಾಪೆಯ ಮೇಲಿಡುತ್ತ. "ಆದ್ರ ಇದನ್ನ ನೋಡಿದ್ರ ಎದಿ ಧಸಕ್ ಅಂತೈತಿ."

ಎದುರಿಗೆ ದಾನಮ್ಮನ ತಾಯಿ ಕಸ್ತೂರೆವ್ವ ಗೋಡೆಗೆ ಆತು ಕೂತಿದ್ದಳು. ಅವಳ ಕಣ್ಣು ಹೋಗಿ ಆರು ವರ್ಷವಾಗಿತ್ತು; ಬಲಗಾಲಿನ ಎರಡು ಬೆರಳುಗಳೂ ಇರಲಿಲ್ಲ. ಎರಡನ್ನೂ ತೆಗೆದುಕೊಂಡದ್ದು ಸಕ್ಕರೆ ಕಾಯಿಲೆ. ಬಂದವರು ತನ್ನನ್ನು ನೋಡಿಯೇ ಮಗಳ ಮುಂದಿನ ದಿನಗಳನ್ನು ಲೆಕ್ಕ ಹಾಕುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು.

ದಾನಮ್ಮ ಸಣ್ಣಂದಿನಿಂದಲೂ ದಪ್ಪ. ಇಪ್ಪತ್ನಾಲ್ಕಕ್ಕೆ ಎಂಬತ್ತಾರು ಕಿಲೋ. ಗೆಳತಿಯರು ಎರಡು ರೊಟ್ಟಿ ತಿಂದರೆ ಅವಳು ಒಂದೂವರೆ ತಿನ್ನುತ್ತಿದ್ದಳು, ಆದರೂ ಕಂಡವರೆಲ್ಲ "ಊಟ ಹಿಡಿತದಾಗ ಇರ್ಲಿ" ಎನ್ನುತ್ತಿದ್ದರು. ಕುಣಿಮಗ್ಗದಲ್ಲಿ ಕೂತು ದಿನಕ್ಕೆ ಎಂಟು ತಾಸು ಕುಬುಸದ ಖಣ ನೇಯುವವಳಿಗೆ ಸೋಮಾರಿ ಎಂಬ ಹೆಸರು ಬಂದಿತ್ತು. ಅವಳು ಅದನ್ನು ನಂಬಿಯೂ ಇದ್ದಳು.

ಮಾತು ಮುಂದುವರಿಸಿದ್ದು ವರ. ಬಸಲಿಂಗ ವಿದ್ಯುತ್ ಮಗ್ಗಗಳ ರಿಪೇರಿ ಮಾಡುವವನು, ಮಾತು ಕಡಿಮೆ. "ಇದಕ್ಕ ಧಾರವಾಡದಾಗ ಈಗ ಮೌನಕ ಅಂತ ಒಂದು ಸೂಜಿ ಮಾಡ್ತಾರಂತ. ಮದುವಿ ಆದಮ್ಯಾಲೆ ನಾನ ಕರಕೊಂಡು ಹೋಗ್ತೀನಿ. ಆಮೇಲೆ ಮಕ್ಕಳ ಮಾತು," ಎಂದ. ನೀಲವ್ವ ಮಗನ ಮುಖ ನೋಡಿದಳು, ಆಮೇಲೆ ಒಪ್ಪಿದಳು.

*

ಧಾರವಾಡದ ಹೊರವಲಯದ ಚಯಾಪಚಯ ಕೇಂದ್ರದಲ್ಲಿ ಮೌನಕವನ್ನು ರೂಪಿಸಿದವರು ಡಾಕ್ಟರ್ ಇಂದುಮತಿ ಹಂಪಿಹೊಳಿ. ಐವತ್ತೆರಡರ ಹೆಂಗಸು, ಸಣಕಲು ಮೈ, ಕಡಕ್ ಚಹಾ ಬಿಟ್ಟರೆ ಬೇರೆ ಚಟವಿಲ್ಲ. ಹನ್ನೊಂದು ವರ್ಷದ ಹಿಂದೆ ನೂಲಗುಡ್ಡಕ್ಕೆ ಬಂದು ನಾಲ್ಕುನೂರಾ ಹನ್ನೆರಡು ಜನರ ರಕ್ತ ಒಯ್ದಿದ್ದರು. ಬೇರೆಡೆ ನೂರಾರು ಎಳೆಗಳು ಮಾಡುವ ಕೆಲಸವನ್ನು ಈ ಊರಿನಲ್ಲಿ ಒಂದೇ ಗಟ್ಟಿ ಎಳೆ ಮಾಡುತ್ತಿದೆ ಎಂದು ಕಂಡುಹಿಡಿದವರು ಅವರೇ. ತಮ್ಮ ಪ್ರಬಂಧದಲ್ಲಿ ಅದಕ್ಕೆ 'ನೂಲಗುಡ್ಡ ದೋಷ' ಎಂದು ಹೆಸರಿಟ್ಟಿದ್ದರು.

ದಾನಮ್ಮ ಮತ್ತು ಬಸಲಿಂಗ ಅವರೆದುರು ಕೂತಾಗ ಮದುವೆಯಾಗಿ ಐದು ತಿಂಗಳಾಗಿತ್ತು.

"ನಾವು ಉಂಡದ್ದು ಸಕ್ಕರಿ ಆಗಿ ರಕ್ತಕ್ಕ ಇಳೀತದ," ಎಂದರು ಡಾಕ್ಟರ್. "ಇನ್ಸುಲಿನ್ ಅನ್ನೋದು ಮನಿಮನಿ ಬಾಗಲಾ ಬಡಿಯೋ ಆಳು ಇದ್ದಂಗ. ಅದು ಬಡದ್ರ ಸ್ನಾಯು ಬಾಗಲಾ ತೆಗೀತಾವ, ಸಕ್ಕರಿ ಒಳಗ ಹೋಗ್ತದ. ನಿಮ್ಮೂರಾಗಿನ ಮಂದಿ ಸ್ನಾಯು ಲಗೂನ ಬಾಗಲಾ ತೆಗಿಯೂದಿಲ್ಲ. ಕೊಬ್ಬಿನ ಕೋಶ ಮಾತ್ರ ಒಂದ ಹೊಡತಕ್ಕ ತೆಗೀತಾವ. ಅದಕ್ಕ ಮೈ ಬರ್ತದ. ಉಳಿದ ಸಕ್ಕರಿ ರಕ್ತದಾಗ ನಿಂತು ಕಣ್ಣು, ಕಾಲು, ಕಿಡ್ನಿ ತಿಂತದ."

"ನಾ ಬಾಳ ಉಣ್ಣೂದಿಲ್ರಿ," ಎಂದಳು ದಾನಮ್ಮ. ಯಾರೂ ಕೇಳದಿದ್ದರೂ ಹೇಳಿಬಿಟ್ಟಿದ್ದಳು.

"ಗೊತ್ತದ ನನಗ. ನಿಮ್ಮ ತಪ್ಪಲ್ಲ ಇದು."

ಆ ಮಾತನ್ನು ಅವಳಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಅವಳು ತಲೆ ತಗ್ಗಿಸಿ ಸೆರಗಿನ ಅಂಚನ್ನು ನೀವುತ್ತ ಕೂತಳು.

ಮೌನಕ ಆ ವಂಶವಾಹಿಯನ್ನು ಕತ್ತರಿಸುವುದಿಲ್ಲ, ಅಳಿಸುವುದಿಲ್ಲ. ಸ್ನಾಯು ಮತ್ತು ಕೊಬ್ಬಿನ ಕೋಶಗಳೊಳಗೆ ಹೋಗಿ ಆ ಸಾಲಿನ ಮೇಲೆ ಒಂದು ಮುಚ್ಚಳ ಹಾಕುತ್ತದೆ. ಅಕ್ಷರಗಳು ಅಲ್ಲೇ ಇರುತ್ತವೆ, ಕೋಶ ಮಾತ್ರ ಅವನ್ನು ಓದುವುದಿಲ್ಲ. ಒಮ್ಮೆ ಹಾಕಿದ ಮುಚ್ಚಳ ಬದುಕಿರುವವರೆಗೂ ಇರುತ್ತದೆ. ಡಾಕ್ಟರ್ ಇದನ್ನೆಲ್ಲ ವಿವರಿಸಿ ಮುಗಿಸುವ ಹೊತ್ತಿಗೆ ಆ ಬೆಳಿಗ್ಗೆ ತೆಗೆದ ರಕ್ತದ ವರದಿ ಬಂತು. ಅವರು ಅದನ್ನು ಎರಡು ಸಲ ಓದಿದರು.

"ಇವತ್ತು ಕೊಡಲಿಕ್ಕೆ ಆಗೂದಿಲ್ಲ," ಎಂದು ನಕ್ಕರು. "ನೀವು ಬಸರಿದ್ದೀರಿ. ಏಳು ವಾರ."

ಬಸಲಿಂಗ ಎದ್ದು ನಿಂತ, ಎದ್ದದ್ದೇಕೆಂದು ತಿಳಿಯದೆ ಮತ್ತೆ ಕೂತ. ಬಸಿರಲ್ಲಿ ಪೂರ್ತಿ ಮೌನಕ ಕೊಡುವಂತಿರಲಿಲ್ಲ; ಒಂದು ತಿಂಗಳಷ್ಟೇ ಕೆಲಸ ಮಾಡುವ ಸಣ್ಣ ಡೋಸ್ ಇತ್ತು, ಸಕ್ಕರೆ ಏರಿದರೆ ಮೂರು ತಿಂಗಳು ತುಂಬಿದ ಮೇಲೆ ಅದನ್ನು ಕೊಡೋಣವೆಂದು ಹೇಳಿ ಡಾಕ್ಟರ್ ಅವರನ್ನು ಕಳಿಸಿಕೊಟ್ಟರು.

*

ಸಕ್ಕರೆ ಏರಲಿಲ್ಲ. ಏರಲು ಹೊಟ್ಟೆಯಲ್ಲಿ ಏನಾದರೂ ನಿಲ್ಲಬೇಕಲ್ಲ.

ಒಂಬತ್ತನೆಯ ವಾರದಲ್ಲಿ ವಾಂತಿ ಶುರುವಾಯಿತು. ಬಸುರಿಯರಿಗೆ ಆಗುವಂಥದ್ದೇ ಎಂದು ಎಲ್ಲರೂ ಸುಮ್ಮನಿದ್ದರು. ಹನ್ನೆರಡನೆಯ ವಾರಕ್ಕೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಜೋಳದ ಹಿಟ್ಟಿನ ವಾಸನೆ ಬಂದರೆ ಸಾಕು, ಒಗ್ಗರಣೆಯ ಸಾಸಿವೆ ಸಿಡಿದರೆ ಸಾಕು, ಗುಟುಕು ನೀರು ಕುಡಿದರೂ ಸಾಕು, ಕರುಳೇ ಕಿತ್ತು ಬರುವ ಹಾಗೆ ವಾಂತಿ. ನೀಲವ್ವ ಲಿಂಬೆಹಣ್ಣಿನ ಸಿಪ್ಪೆ ಮೂಸಿಸಿದಳು, ಅಳ್ಳಿಟ್ಟು ಕಲಸಿದಳು, ಪುಠಾಣಿ ಬಾಯಲ್ಲಿಟ್ಟಳು. ಒಂದೂ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಸಲೈನ್ ಏರಿಸಿ ಕಳಿಸುತ್ತಿದ್ದರು, ಎರಡು ದಿನಕ್ಕೆ ಮತ್ತೆ ಅದೇ.

ಕಸ್ತೂರೆವ್ವ ಮಗಳನ್ನು ನೋಡಲು ಇಳಕಲ್ಲಿಗೆ ಬಂದಳು. ಕಣ್ಣಿಲ್ಲದವಳು ಹಾಸಿಗೆಯ ಪಕ್ಕ ಕೂತು ಮಗಳ ತೋಳು, ಹೆಗಲು, ಬೆನ್ನು ತಡವಿದಳು. ಜನ್ಮದಲ್ಲಿ ಮೊದಲ ಸಲ ಮಗಳ ಹೆಗಲ ಎಲುಬು ಕೈಗೆ ಸಿಕ್ಕಿತ್ತು.

"ಎಷ್ಟು ಇಳದೀ?"

"ಹದಿನಾಲ್ಕು ಕಿಲೋ ಆತವ್ವ," ಎಂದು ದಾನಮ್ಮ ಕಣ್ಣು ಮುಚ್ಚಿಯೇ ಹೇಳಿದಳು. "ಎಲ್ಲಾರೂ ಇಳಿ ಇಳಿ ಅಂತಿದ್ರಲ್ಲ."

ಕಸ್ತೂರೆವ್ವ ಕೈಯನ್ನು ಕೆಳಗೆ ಸರಿಸಿ ಹೊಟ್ಟೆಯ ಮೇಲಿಟ್ಟಳು. ಅಲ್ಲಿ ಕೈ ತಡೆದು ನಿಂತಿತು. ಮಗಳ ಉಳಿದೆಲ್ಲ ಮೈ ಕರಗಿದೆ, ಹೊಟ್ಟೆ ಮಾತ್ರ ತಿಂಗಳಿಗೆ ತಕ್ಕ ಹಾಗೆ ಏರಿದೆ. ಹನ್ನೊಂದು ಬಾಣಂತನ ಮಾಡಿಸಿದ ಕೈ ಅದು. ಮತ್ತೊಮ್ಮೆ ತಡವಿ ನೋಡಿದಳು, ಅಷ್ಟೆ.

ಹದಿನೆಂಟನೆಯ ವಾರಕ್ಕೆ ದಾನಮ್ಮನಿಗೆ ಎದ್ದು ನಿಲ್ಲುವ ಶಕ್ತಿಯೂ ಹೋಯಿತು. ಬಸಲಿಂಗ ಅವಳನ್ನು ಧಾರವಾಡದ ಕೇಂದ್ರಕ್ಕೇ ಕರೆದೊಯ್ದ. ಅಲ್ಲಿ ಕತ್ತಿನ ಬಳಿಯ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿ ಅದರ ಮೂಲಕವೇ ಆಹಾರ ಕೊಟ್ಟರು. ಮೂರು ವಾರ ನಡೆಯಿತು. ಅಷ್ಟರಲ್ಲಿ ನಳಿಕೆಯ ದಾರಿಯಿಂದ ಸೋಂಕು ರಕ್ತಕ್ಕಿಳಿದು ಚಳಿಜ್ವರ ಹತ್ತಿತು. ನಳಿಕೆ ತೆಗೆಯಲೇಬೇಕಾಯಿತು. ರಕ್ತ ಶುದ್ಧವಾಗುವವರೆಗೆ ಹೊಸದನ್ನು ಹಾಕುವಂತಿಲ್ಲ. ಕೈನರದಿಂದ ನೀರು, ಉಪ್ಪು, ಜೀವಸತ್ವ, ಔಷಧ, ಇಷ್ಟೇ. ಎಂಟು ದಿನ ದಾನಮ್ಮನ ಮೈಗೆ ಅನ್ನವೆಂಬುದು ಯಾವ ದಾರಿಯಿಂದಲೂ ಹೋಗಲಿಲ್ಲ.

*

ಒಂಬತ್ತನೆಯ ದಿನ ಬೆಳಿಗ್ಗೆ ಡಾಕ್ಟರ್ ಇಂದುಮತಿ ಮನೆಯವರನ್ನು ಕೂಡಿಸಿ ಮಾತಾಡಿದರು. ಬಸಲಿಂಗ, ನೀಲವ್ವ, ಕಸ್ತೂರೆವ್ವ ಮೂವರೂ ಬಂದಿದ್ದರು.

"ಜ್ವರ ಇಳದದ. ಆದ್ರ ದಾನಮ್ಮನ ಕೈಕಾಲಾಗಿನ ಸ್ನಾಯು ಸೊರಗ್ಯಾವ. ಲಿವರ್ ಇದ್ದಬಿದ್ದದ್ರಿಂದ ಸಕ್ಕರಿ ಮಾಡಿ ಕೊಡ್ಲಿಕ್ಕೆ ಹತ್ತೇದ, ಅದನ್ನ ತೊಗೊಳ್ಳೂ ಶಕ್ತಿ ಸ್ನಾಯುಗಳಿಗೆ ಇಲ್ಲ. ಕಾರಣ ಆ ಊರಿನ ದೋಷನ. ಸಣ್ಣ ಮೌನಕ ಕೊಟ್ರ ಬಾಗಲಾ ತೆಗದು ಸ್ನಾಯು ಸಕ್ಕರಿ ತೊಗೋತಾವ, ಆಕಿ ಉಳೀತಾಳ ಅಂತ ನನ್ನ ಅಂದಾಜು."

"ಕೂಸು?" ಎಂದಳು ನೀಲವ್ವ.

"ಕೂಸು ಈಗಾಗಲೇ ಬಡವಾಗಿರಬೇಕು. ಇಷ್ಟು ದಿನ ತಾಯಿ ಉಪಾಸ ಇದ್ರ ಯಾವ ಕೂಸೂ ಬೆಳಿಯೂದಿಲ್ಲ. ಮದ್ಲ ತಾಯಿನ ಉಳಿಸೋಣು."

ಬಸಲಿಂಗ ಕಾಗದಕ್ಕೆ ಸಹಿ ಹಾಕಿದ. ಡೋಸ್ ಕೊಡುವ ಮೊದಲು ಒಮ್ಮೆ ಗರ್ಭದ ಅಳತೆ ತೆಗೆಯಬೇಕೆಂಬ ನಿಯಮವಿತ್ತು. ಅಳತೆ ತೆಗೆದ ತಂತ್ರಜ್ಞೆ ತಾನು ತಪ್ಪಿದೆನೆಂದುಕೊಂಡು ಮತ್ತೊಮ್ಮೆ ತೆಗೆದಳು. ಆಮೇಲೆ ಡಾಕ್ಟರನ್ನು ಕರೆದಳು. ತಲೆಯ ಸುತ್ತಳತೆ, ತೊಡೆಯೆಲುಬಿನ ಉದ್ದ, ಹೊಟ್ಟೆಯ ಸುತ್ತಳತೆ, ಎಲ್ಲವೂ ಇಪ್ಪತ್ತೆರಡು ವಾರಕ್ಕೆ ಎಷ್ಟಿರಬೇಕೋ ಅಷ್ಟೇ ಇತ್ತು. ಒಂದು ದಿನವೂ ಹಿಂದೆ ಬಿದ್ದಿರಲಿಲ್ಲ.

ಡಾಕ್ಟರ್ ಪರದೆಯನ್ನು ನೋಡುತ್ತ ನಿಂತರು. ಡೋಸ್ ಹೊತ್ತ ತಟ್ಟೆ ಬಾಗಿಲ ಬಳಿ ಕಾಯುತ್ತಿತ್ತು. "ಅದು ಅಲ್ಲೇ ಇರ್ಲಿ," ಎಂದು ಹೇಳಿ, ದಾನಮ್ಮನನ್ನು ಜಾಡು ಕೋಣೆಗೆ ತರಲು ಹೇಳಿದರು.

ಜಾಡು ಕೋಣೆ ಆ ಕೇಂದ್ರದ ಹೆಮ್ಮೆ. ಅದರೊಳಗೆ ಮಲಗಿದವರ ರಕ್ತಕ್ಕೆ ಚಿಟಿಕೆಯಷ್ಟು ಗುರುತಿನ ಸಕ್ಕರೆ ಬಿಡುತ್ತಾರೆ. ಅದರಲ್ಲಿನ ಇಂಗಾಲ ಮಾಮೂಲಿಗಿಂತ ತುಸು ಭಾರ, ವಿಕಿರಣವೇನೂ ಇಲ್ಲ, ಬಸುರಿಗೂ ಅಪಾಯವಿಲ್ಲ. ಕಾಂತಗಳು ಆ ಭಾರದ ಇಂಗಾಲವನ್ನು ಹಿಂಬಾಲಿಸುತ್ತವೆ. ಸಕ್ಕರೆ ಮೈಯೊಳಗೆ ಎಲ್ಲಿ ಹೋಯಿತು, ಎಲ್ಲಿ ಉರಿಯಿತು ಎಂಬುದು ಆ ಕ್ಷಣದಲ್ಲೇ ಎದುರಿನ ಗೋಡೆಯ ಮೇಲೆ ಆಳೆತ್ತರದ ಬೆಳಕಾಗಿ ಮೂಡುತ್ತದೆ. ಸಕ್ಕರೆ ಉರಿದಲ್ಲಿ ಜೇನಿನ ಬಣ್ಣ, ಕೊಬ್ಬು ಉರಿದಲ್ಲಿ ನೀಲಿ. ಡಾಕ್ಟರ್ ಇಂದುಮತಿ ಆ ಗೋಡೆಯ ಮೇಲೆ ಆರುನೂರಕ್ಕೂ ಹೆಚ್ಚು ಮೈಗಳನ್ನು ನೋಡಿದ್ದರು. ಎಲ್ಲರಲ್ಲೂ ಮೊದಲು ತೊಡೆಗಳು ಬೆಳಗುತ್ತವೆ, ಆಮೇಲೆ ತೋಳು, ಮಿದುಳು.

ದೀಪ ಆರಿಸಿದರು. ಗಾಜಿನ ಈಚೆ ಮನೆಯವರು ನಿಂತರು.

ಗೋಡೆಯ ಮೇಲೆ ಮೊದಲು ಎದೆಯ ಗೂಡು ಒಂದು ಸಲ ಮಿಣುಕಿತು. ಸಕ್ಕರೆ ಹೊತ್ತ ರಕ್ತ ಹೃದಯವನ್ನು ಹಾದು ಹೊರಟಿತ್ತು. ಅದು ತೊಡೆಗಳಿಗೆ ಇಳಿಯಿತು. ತೊಡೆಗಳು ಬೆಳಗಲಿಲ್ಲ. ಜೇನುಬಣ್ಣದ ಎಳೆ ಅವುಗಳ ನಡುವೆ ಹಾದು, ಒಂದಿಷ್ಟೂ ಕುಂದದೆ, ಬಂದ ಹಾಗೆಯೇ ತಿರುಗಿ ಮೇಲೇರಿತು. ತೋಳುಗಳಲ್ಲೂ ಹಾಗೆಯೇ. ಬೆನ್ನಿನ ಸ್ನಾಯುಗಳಲ್ಲೂ ಹಾಗೆಯೇ. ಹಸಿದು ಸೊರಗಿದ ಆ ಸ್ನಾಯುಗಳ ಬಾಗಿಲ ಮುಂದೆಯೇ ಸಕ್ಕರೆ ಹಾದು ಹೋಗುತ್ತಿತ್ತು, ಅವು ಮುಟ್ಟಲಿಲ್ಲ. ಹೃದಯ ನೀಲಿಯಾಗಿ ಬಡಿಯುತ್ತಿತ್ತು. ಮಿದುಳೂ ಬಹುಪಾಲು ನೀಲಿ. ಇಪ್ಪತ್ನಾಲ್ಕು ವರ್ಷ ಮೈ ಜತನ ಮಾಡಿಟ್ಟ ಕೊಬ್ಬು ಸೊಂಟದಿಂದ, ಬೆನ್ನಿನಿಂದ ಸಣ್ಣಗೆ ಕರಗಿ ಆ ಎರಡಕ್ಕೂ ಎಣ್ಣೆಯೆರೆಯುತ್ತಿತ್ತು.

ಆಮೇಲೆ ಹೊಕ್ಕುಳ ಕೆಳಗೆ ಬೆಳಕು ಕೂಡತೊಡಗಿತು. ಸುತ್ತಿ ಬಂದ ಎಳೆಗಳೆಲ್ಲ ಅಲ್ಲಿಗೇ ಇಳಿದವು. ಮೊದಲು ಒಂದು ಲಿಂಬೆಯಷ್ಟು, ಆಮೇಲೆ ಸುಲಿದ ತೆಂಗಿನಕಾಯಿಯಷ್ಟು. ಕತ್ತಲೆಯ ಆ ಮೈಯೊಳಗೆ ಅಷ್ಟು ಜಾಗ ಮಾತ್ರ ಜೇನಿನ ಹಾಗೆ ತುಂಬಿ ಬೆಳಗಿತು. ಆ ಬೆಳಕಿನ ನಡುವೆ ಒಂದು ಚುಕ್ಕೆ ಬಹಳ ಬೇಗ ಬೇಗ ಮಿಡಿಯುತ್ತಿತ್ತು. ನೋಡುತ್ತಿದ್ದ ಹಾಗೆ ಬೆಳಕಿನ ಒಂದು ಅಂಚು ಹೊರಚಾಚಿ, ಮತ್ತೆ ಒಳಸರಿಯಿತು. ಕೂಸು ಕಾಲು ಚಾಚಿತ್ತು.

ಡಾಕ್ಟರ್ ಇಂದುಮತಿ ಗಾಜಿಗೆ ಇನ್ನೂ ಹತ್ತಿರ ಸರಿದರು.

"ಏನ್ ಕಾಣತೈತಿ?" ಎಂದಳು ಕಸ್ತೂರೆವ್ವ. "ಎಲ್ಲಾರೂ ಸುಮ್ಮಕಾದ್ರಿ. ಯಾರರ ಹೇಳ್ರಿ ನನಗ."

ಡಾಕ್ಟರೇ ಅವಳ ಕೈ ಹಿಡಿದರು. "ನಿಮ್ಮ ಮಗಳ ಮೈಯೆಲ್ಲಾ ಕತ್ತಲದ, ಅವ್ವಾರ. ಕಾಲಿಗೆ, ಕೈಗೆ, ಎಲ್ಲೂ ಸಕ್ಕರಿ ಹೋಗವಲ್ತು. ಇದ್ದಷ್ಟೂ ಕೂಸಿಗೆ ಹೊಂಟದ. ತಾನು ಕೊಬ್ಬಿನ ಮ್ಯಾಲೆ ದಿನಾ ದೂಡಲಿಕ್ಕೆ ಹತ್ಯಾಳ. ಕೂಸು ದೀಪ ಇದ್ದಂಗ ಕಾಣ್ತದ."

ಕಸ್ತೂರೆವ್ವ ಗೋಡೆಯ ಕಡೆಗೆ ಮುಖ ತಿರುಗಿಸಿದಳು. "ನನ್ನ ಕೈಗೂ ಹಂಗ ಅನಿಸಿತ್ತು," ಎಂದಳು. "ಹುಚ್ಚಿ ಅಂದೀರಂತ ಹೇಳ್ಲಿಲ್ಲ."

ಡಾಕ್ಟರ್ ಒಳಗೆ ಹೋಗಿ ದಾನಮ್ಮನ ಮಂಚದ ಬಳಿ ಕುಕ್ಕರಿಸಿದರು. ಅವಳ ತಲೆಯನ್ನು ಮೆಲ್ಲಗೆ ಗೋಡೆಯತ್ತ ತಿರುಗಿಸಿದರು.

"ಆ ಸೂಜಿ ಕೊಟ್ರ ನಿಮ್ಮ ಸ್ನಾಯು ಸಕ್ಕರಿ ತೊಗೋತಾವ, ನಿಮಗ ಲಗೂನ ಶಕ್ತಿ ಬರ್ತದ. ಆದ್ರ ಆ ಸಕ್ಕರಿ ಅಲ್ಲಿಂದ ಬರಬೇಕು," ಎಂದು ಬೆಳಕನ್ನು ತೋರಿಸಿದರು. "ನಾನು ಬೆಳಿಗ್ಗೆ ನಿಮ್ಮ ಮನಿಯವ್ರಿಗೆ ಹೇಳಿದ್ದು ತಪ್ಪು. ನಿಮ್ಮ ಹೃದಯ ಗಟ್ಟಿ ಅದ, ಮಿದುಳೂ ಗಟ್ಟಿ ಅದ. ನಾಳೆ ಇಲ್ಲಾ ನಾಡದು ಹೊಸಾ ನಳಿಕಿ ಹಾಕಬಹುದು. ಅಲ್ಲಿತನಕ ತಡ್ಕೊಳ್ಳಲಿಕ್ಕೆ ಆಗ್ತದೇನು?"

ದಾನಮ್ಮ ಗೋಡೆಯನ್ನು ನೋಡುತ್ತಲೇ ಇದ್ದಳು. ಹುಟ್ಟಿದಾಗಿನಿಂದ ಅವಳು ಈ ಮೈಯ ಬಗ್ಗೆ ಕೇಳಿದ್ದೆಲ್ಲ ದೂರುಗಳೇ.

"ಇದು ನಾನರೀ?" ಎಂದು ಕೇಳಿದಳು.

"ಹೌದು. ನೀವ."

"ಹಂಗಾರ ಸೂಜಿ ಬ್ಯಾಡ್ರಿ. ತಡ್ಕೋತೀನಿ."

ತಟ್ಟೆ ಮರಳಿ ಶೀತಕಪಾಟಿಗೆ ಹೋಯಿತು. ಹೊರಗೆ ಬೆಂಚಿನ ಮೇಲೆ ನೀಲವ್ವ ಕಸ್ತೂರೆವ್ವನ ಪಕ್ಕಕ್ಕೆ ಬಂದು ಕೂತಳು. "ನಾ ಬರೇ ಅಂಕ ನೋಡಿದ್ದೆ, ಬೀಗ್ತಿ," ಎಂದಷ್ಟೇ ಹೇಳಿದಳು.

*

ಮರುದಿನ ಹೊಸ ನಳಿಕೆ ಹಾಕಿದರು. ಇಪ್ಪತ್ತೈದನೆಯ ವಾರದಲ್ಲಿ, ಬಂದ ಹಾಗೆಯೇ ಕಾರಣ ಹೇಳದೆ, ವಾಂತಿ ನಿಂತಿತು. ದಾನಮ್ಮನ ಹೊಟ್ಟೆಯಲ್ಲಿ ಮೊದಲು ಉಳಿದದ್ದು ನೀಲವ್ವ ಮನೆಯಿಂದ ಕಟ್ಟಿಕೊಂಡು ಬಂದ ಜೋಳದ ನುಚ್ಚು ಮತ್ತು ಮಜ್ಜಿಗೆ, ನಾಲ್ಕು ಚಮಚ. ಅರ್ಧ ತಾಸು ಎಲ್ಲರೂ ಅವಳ ಮುಖವನ್ನೇ ನೋಡುತ್ತ ಕೂತರು. ಆಮೇಲೆ ಅವಳು ಇನ್ನೂ ನಾಲ್ಕು ಚಮಚ ಕೇಳಿದಳು.

ಆ ದಿನಗಳಲ್ಲಿ ಡಾಕ್ಟರ್ ಇಂದುಮತಿ ತಮ್ಮ ಹಳೆಯ ನಾಲ್ಕುನೂರಾ ಹನ್ನೆರಡು ಮಾದರಿಗಳನ್ನು ಮತ್ತೆ ತೆರೆದಿದ್ದರು. ಹನ್ನೊಂದು ವರ್ಷ ಅವುಗಳಲ್ಲಿ ಕಾಯಿಲೆಯನ್ನಷ್ಟೇ ಹುಡುಕಿದ್ದರು. ಇದು ಎಲ್ಲಿಂದ ಬಂತು ಎಂದು ಕೇಳಿರಲೇ ಇಲ್ಲ. ವಂಶವಾಹಿಗಳ ಸರ ತಲೆಮಾರಿನಿಂದ ತಲೆಮಾರಿಗೆ ತುಂಡಾಗಿ ಕೂಡಿಕೊಳ್ಳುತ್ತ ಬರುತ್ತದೆ. ಇಬ್ಬರಲ್ಲಿ ಒಂದೇ ತೆರನಾದ ತುಣುಕು ಉದ್ದವಾಗಿದ್ದಷ್ಟೂ ಅವರ ಮೂಲ ಹತ್ತಿರ. ನೂಲಗುಡ್ಡದ ಇನ್ನೂರಾ ಮೂರು ಜನರಲ್ಲಿ ಆ ಎಳೆಯ ಎಡಬಲಕ್ಕಿದ್ದ ತುಣುಕು ಅಕ್ಷರ ಅಕ್ಷರಕ್ಕೂ ಒಂದೇ ಆಗಿತ್ತು. ಲೆಕ್ಕ ಏಳು ತಲೆಮಾರಿಗೆ ಹೋಗಿ ನಿಂತಿತು. ನೂರಾ ಎಂಬತ್ತು ವರ್ಷ. ಅದರಾಚೆಗೆ ದಾರಿಗಳೆಲ್ಲ ಒಬ್ಬ ವ್ಯಕ್ತಿಯಲ್ಲೇ ಕೂಡುತ್ತಿದ್ದವು.

ಅವರು ಆ ಹಾಳೆ ಹಿಡಿದು ವಾರ್ಡಿಗೆ ಬಂದಾಗ ಕಸ್ತೂರೆವ್ವ ಮಗಳಿಗೆ ತಲೆ ಬಾಚುತ್ತಿದ್ದಳು.

"ಧಾತು ಸಂವತ್ಸರದ ಬರ ಅಂತಾರಲ್ಲ, ಆ ಕಾಲಕ್ಕ ಬರ್ತದ," ಎಂದರು ಡಾಕ್ಟರ್. "ಆಗ ನಿಮ್ಮೂರಾಗ ಈ ಎಳಿ ಇದ್ದವ್ರು ಒಬ್ಬರ. ಗಂಡೋ ಹೆಣ್ಣೋ, ರಕ್ತ ಹೇಳೂದಿಲ್ಲ. ಇವತ್ತು ಅರ್ಧ ಊರಿಗೆ ಊರ ಅವ್ರ ಮಕ್ಕಳು."

"ಹೆಣ್ಣು," ಎಂದಳು ಕಸ್ತೂರೆವ್ವ, ಬಾಚಣಿಗೆ ನಿಲ್ಲಿಸದೆ. "ಅರಿವಿ ಕೊಳ್ಳವ್ರು ಇಲ್ದ ಮಗ್ಗ ನಿಂತುವಂತ. ಮಂದಿ ಊರ ಬಿಟ್ಟು ರಸ್ತೆ ಕೆಲಸಕ್ಕ, ಕಲ್ಲ ಒಡೀಲಾಕ ಹೋದ್ರಂತ. ತುಂಬಿದ ಬಸರಿ ಒಬ್ಬಾಕಿ ಕಲ್ಲಿನ ರಾಶಿ ನೆಳ್ಳಾಗ ಹಡದ್ಲಂತ. ಹಾದಿಗುಂಟ ಮಂದಿ ಸಾಯಾಕ ಹತ್ತಿದ್ರ ಆಕಿ ಕೂಸು ಗುಂಡಕಲ್ಲಿನಂಗ ಇತ್ತಂತ. ನಮ್ಮಜ್ಜಿ ಹೇಳ್ತಿದ್ಲು."

"ಆಕಿ ಹೆಸರೇನು?"

"ಯಾರಿಗೂ ನೆನಪಿಲ್ರಿ. ಹಡದಾಕಿ ಅಂತಿದ್ರು, ಅಷ್ಟ."

ಡಾಕ್ಟರ್ ಹಾಳೆಯನ್ನು ಮಡಚಿ ಮಂಚದ ತುದಿಗೆ ಕೂತರು. ಆ ಊರಿನವರ ಒಂದೊಂದು ಕೋಶದಲ್ಲೂ ಆ ಹೆಂಗಸು ಕಲ್ಲಿನ ರಾಶಿಯ ಬದಿಯಿಂದ ಎದ್ದು ಬಂದ ದಾರಿ ಬರೆದಿತ್ತು. ಹನ್ನೊಂದು ವರ್ಷ ಅದನ್ನು ಓದಿಯೂ ತಾವು ಓದಿರಲಿಲ್ಲ. ಆ ಸಂಜೆ ಅವರು ತಮ್ಮ ಪ್ರಬಂಧಕ್ಕೆ ಒಂದು ತಿದ್ದುಪಡಿ ಕಳಿಸಿದರು. 'ದೋಷ' ಎಂಬ ಪದವನ್ನು ಹೊಡೆದುಹಾಕಿದರು, ಅದರ ಜಾಗಕ್ಕೆ ಬೇರೆ ಪದ ಹೊಳೆಯದೆ 'ನೂಲಗುಡ್ಡ ಎಳೆ' ಎಂದಷ್ಟೇ ಬರೆದರು.

*

ದಿನ ತುಂಬಿ ಹೆಣ್ಣು ಕೂಸು ಹುಟ್ಟಿತು. ಎರಡು ಕಿಲೋ ಒಂಬೈನೂರು ಗ್ರಾಂ. ಹಡೆದಾಕಿಯ ಹೆಸರು ಯಾರಿಗೂ ಗೊತ್ತಿಲ್ಲದ್ದರಿಂದ ಅದಕ್ಕೆ ಕಸ್ತೂರೆವ್ವನ ಅಜ್ಜಿಯ ಹೆಸರಿಟ್ಟರು, ಗಂಗಾಳವ್ವ ಎಂದು. ಹಿಮ್ಮಡಿಯ ರಕ್ತದಿಂದ ಅದಕ್ಕೂ ಒಂದು ಅಂಕ ಬಂತು. ತೊಂಬತ್ತಾರು. ಬಸಲಿಂಗ ಕಾರ್ಡನ್ನು ಕಪಾಟಿನಲ್ಲಿಟ್ಟ.

ಬಾಣಂತನ ಮುಗಿದು ಊಟ ಹದಕ್ಕೆ ಬರುತ್ತಿದ್ದಂತೆ ದಾನಮ್ಮನ ತೂಕ ಮತ್ತೆ ಏರಿತು. ಐದನೆಯ ತಿಂಗಳಿಗೆ ರಕ್ತದ ಸಕ್ಕರೆ ಇನ್ನೂರಾ ಎಂಬತ್ತು ಮುಟ್ಟಿತು. ಡಾಕ್ಟರ್ ಇಂದುಮತಿ ಈ ಸಲ ತಾವೇ ಇಳಕಲ್ಲಿಗೆ ಬಂದರು. ಪಡಸಾಲೆಯಲ್ಲಿ ಕೂತು ಚಹಾ ಕುಡಿದು, ಬಂದ ಮಾತು ಎತ್ತಿದರು.

"ಮೌನಕ ಹಾಲಿಗೆ ಇಳಿಯೂದಿಲ್ಲ. ಈಗ ತೊಗೋಬಹುದು. ಆದ್ರ ತೊಗೋರಿ ಅಂತ ಹೇಳಲಿಕ್ಕೆ ನನಗ ಮದ್ಲಿನಂಗ ಬಾಯಿ ಬರವಲ್ತು. ನೀವ ಹೇಳಬೇಕು."

ದಾನಮ್ಮ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಎದುರಿಗೆ ಕಸ್ತೂರೆವ್ವ ಮೊಮ್ಮಗಳ ಪಾದವನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು. ಆ ಕೂಸಿನ ಮುಖವನ್ನು ಅವಳು ಎಂದೂ ನೋಡಿರಲಿಲ್ಲ.

"ಬರ ಬಂದಾಗ ಆ ಹಡದಾಕಿ ಬೇಕಾಗಿದ್ಲು," ಎಂದಳು ದಾನಮ್ಮ ನಿಧಾನವಾಗಿ. "ನನಗೂ ಬೇಕಾದ್ಲು. ಈಗ ಮನ್ಯಾಗ ರೊಟ್ಟಿ ಐತ್ರಿ. ನನಗ ಇದರ ಮಾರಿ ನೋಡಬೇಕು, ಇದರ ಮಕ್ಕಳ ಮಾರೀನೂ ನೋಡಬೇಕು. ತೊಗೋತೀನಿ."

"ಕೂಸಿಗೆ?"

"ಅದು ದೊಡ್ಡದಾಗಿ ತಾನ ಹೇಳ್ಲಿ."

ಆರನೆಯ ತಿಂಗಳಲ್ಲಿ ಧಾರವಾಡದಲ್ಲಿ ಪೂರ್ತಿ ಮೌನಕ ಕೊಟ್ಟರು. ನೋವೇನೂ ಇರಲಿಲ್ಲ, ತೋಳಿನಲ್ಲಿ ಒಂದು ದಿನ ಭಾರವಿತ್ತು. ಮೂರು ವಾರದ ನಂತರ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡಲು ಅವಳನ್ನು ಮತ್ತೆ ಜಾಡು ಕೋಣೆಯಲ್ಲಿ ಮಲಗಿಸಿದರು. ಹೊರಗೆ ನೀಲವ್ವನ ಹೆಗಲ ಮೇಲೆ ಕೂಸು ನಿದ್ದೆ ಹೋಗಿತ್ತು.

ದೀಪ ಆರಿತು. ಎದೆ ಮಿಣುಕಿತು. ಮರುಕ್ಷಣ ತೊಡೆಗಳು ಹೊತ್ತಿಕೊಂಡವು. ತೋಳು, ಹೆಗಲು, ಬೆನ್ನು, ಒಂದೊಂದಾಗಿ ಬಾಗಿಲು ತೆರೆದು ಜೇನುಬಣ್ಣ ತುಂಬಿಕೊಂಡವು. ಡಾಕ್ಟರ್ ಈ ಮೊದಲು ನೋಡಿದ್ದ ಆರುನೂರು ಮೈಗಳ ಹಾಗೆಯೇ ಇದೂ ಒಂದು ಮೈ. ದಾನಮ್ಮ ಅದನ್ನು ನೋಡುತ್ತ ಮಲಗಿದ್ದಳು. ಸಂತೋಷವೇ ಆಗಿತ್ತು, ಆದರೂ ಯಾರನ್ನೋ ಬಸ್ಸು ಹತ್ತಿಸಿ ಬಂದ ಹಾಗೆ ಎದೆಯಲ್ಲಿ ಒಂದು ಖಾಲಿ.

"ಡಾಕ್ಟರ, ಆಕಿ ಹೋದ್ಲೇನ್ರಿ?"

"ಎಲ್ಲಿ ಹೋಗ್ತಾಳ. ಒಂದು ಅಕ್ಷರನೂ ಅಳಿಸಿಲ್ಲ ನಾವು. ಮಲಗ್ಯಾಳ, ಅಷ್ಟ."

ಅಷ್ಟರಲ್ಲಿ ಗಾಜಿನಾಚೆ ಕೂಸು ಎಚ್ಚರಾಗಿ ಅತ್ತಿತು. ಹಸಿವಿನ ಅಳು, ದಾನಮ್ಮನಿಗೆ ಆ ಅಳು ಗೊತ್ತಿತ್ತು. ಅವಳು ಏಳಲು ಹೋದಳು, ತಂತ್ರಜ್ಞೆ ಇನ್ನೊಂದು ನಿಮಿಷ ಎಂದು ಕೈ ಮಾಡಿದಳು. ಹಾಗೆ ಮಲಗಿರುವಾಗಲೇ ಅವಳಿಗೆ ಎದೆ ಬಿಗಿದು ಹಾಲು ಇಳಿಯಿತು. ಗೋಡೆಯ ಮೇಲೆ, ಎದೆಯ ಎರಡೂ ಬದಿಗೆ, ಆವರೆಗೆ ಮಂಕಾಗಿ ಕೂಡಿದ್ದ ಬೆಳಕು ಸರಿದಾಡಿತು. ಸಣ್ಣ ಸಣ್ಣ ಎಳೆಗಳಾಗಿ ಒಡೆದು, ನೂರು ಕಡೆಯಿಂದ ಹರಿದು, ಮೊಲೆತೊಟ್ಟಿನ ಎರಡು ಚುಕ್ಕೆಗಳತ್ತ ಸಾಗಿತು.

ಡಾಕ್ಟರ್ ಇಂದುಮತಿ ಕಾಂತಗಳನ್ನು ತಾವೇ ನಿಲ್ಲಿಸಿ, ಬಾಗಿಲು ತೆಗೆದು, ನೀಲವ್ವನ ಕೈಯಿಂದ ಕೂಸನ್ನು ಇಸಿದುಕೊಂಡು ಒಳಗೆ ತಂದರು.